ಆತ್ಮಕ್ಕೆ 21 ಗ್ರಾಂ ತೂಕ ಅಂತಾರಲ್ಲ, ನಿಜಾನಾ?

ಕುತೂಹಲಿ: 16ನೇ ಶತಮಾನದ ರಸವಾದಿ ಪ್ಯಾರಾಸೆಲ್ಸಸ್ ಪ್ರಕಾರ ಗಂಧಕ ಆತ್ಮ, ಪಾದರಸ ಚೈತನ್ಯ, ಉಪ್ಪು ದೇಹ. ಆಮೇಲೆ ವಿಜ್ಞಾನ ಆತ್ಮವನ್ನು ತೂಗಿಯೇ ಬಿಟ್ಟಿತಂತೆ, ಹೌದಾ?

ತಕ್ಕಡಿ: ಇಲ್ಲ ಗುರು. ಅಮೆರಿಕದ ಡಾಕ್ಟರ್ ಡಂಕನ್ ಮೆಕ್‌ಡೂಗಲ್ ಸಾಯುವ ಹಂತದ ರೋಗಿಗಳನ್ನು ಮಂಚದ ಸಮೇತ ತೂಗಿ 1907ರಲ್ಲಿ ಬರೆದ. ಬರೀ 6 ಜನ. 21 ಗ್ರಾಂ ಬಂದಿದ್ದು ಮೊದಲನೆಯವನಿಗೆ, ಉಳಿದ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ, ಇಬ್ಬರದ್ದನ್ನು ಆತನೇ ಕೈಬಿಟ್ಟ. 15 ನಾಯಿಗಳ ತೂಕ ಇಳಿಯಲಿಲ್ಲ, ಹಾಗಾಗಿ ಅವಕ್ಕೆ ಆತ್ಮ ಇಲ್ಲವಂತೆ! (ನಮ್ಮನೆ ನಾಯಿಗೆ ಹೇಳಬೇಡಿ.)

ದಾರಿಹೋಕ: ಕ್ಲಾರ್ಕ್ ಅನ್ನುವ ವೈದ್ಯ ಆಗಲೇ ತಕರಾರು ತೆಗೆದಿದ್ದ. ಉಸಿರು ನಿಂತರೆ ರಕ್ತ ತಂಪಾಗಲ್ಲ, ಮೈ ಬಿಸಿಯೇರಿ ಬೆವರುತ್ತೆ, ತೂಕ ಇಳಿಯುತ್ತೆ. ನಾಯಿ ಹಾಗೆ ಬೆವರಲ್ಲ, ಅಲ್ವಾ?

ಹಳೇಬೇರು: ಪ್ಯಾರಾಸೆಲ್ಸಸ್‌ನ ಉಪ್ಪನ್ನು ಅಡುಗೆ ಉಪ್ಪು ಅಂದುಕೊಳ್ಳಬೇಡಿ ಸಾರ್. ಕಟ್ಟಿಗೆ ಸುಟ್ಟಾಗ ಉರಿಯೋದು ಗಂಧಕ, ಹೊಗೆ ಪಾದರಸ, ಬೂದಿ ಉಪ್ಪು ಅಂತ ಅವನ ಲೆಕ್ಕ.