1,100 ಅಡಿ ಕೊಳವೆಬಾವಿಗೆ ಎಷ್ಟು ಎಚ್‌ಪಿ ಸೋಲಾರ್ ಪಂಪ್ ಸೂಕ್ತ?

ಪ್ರಶ್ನೆ (ಮಾವಿನತೋಪು, ಶ್ರೀನಿವಾಸಪುರ):
ಎಲ್ಲರಿಗೂ ನಮಸ್ಕಾರ. ನಮ್ಮ ಮಾವಿನ ತೋಟದಲ್ಲಿ ಈ ವರ್ಷ ಕೊಳವೆಬಾವಿ ಕೊರೆಸಿದ್ದೇವೆ. ಒಟ್ಟು ಆಳ 1,100 ಅಡಿ, ನೀರು ಸಿಕ್ಕಿದ್ದು 780 ಅಡಿಯಲ್ಲಿ, ಈಗ ಅದು 450 ಅಡಿಗೆ ಏರಿ ನಿಂತಿದೆ. ರಿಗ್‌ನವರು ಎರಡು ಇಂಚು ನೀರಿದೆ ಎಂದಿದ್ದಾರೆ. ತೋಟವು ವಿದ್ಯುತ್ ಮಾರ್ಗದಿಂದ ದೂರವಿರುವುದರಿಂದ ಸೋಲಾರ್ ಪಂಪಿಗೆ ಸಹಾಯಧನ ಕೊಡುವ ಕುಸುಮ್-ಬಿ ಯೋಜನೆಯಡಿ ಸೌರಮಿತ್ರ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕೆಂದಿದ್ದೇವೆ. ಕೇಂದ್ರದ ಶೇ. 30 ಮತ್ತು ರಾಜ್ಯದ ಶೇ. 50 ಸಹಾಯಧನ ಕಳೆದರೆ ನಮ್ಮ ಪಾಲಿಗೆ ಉಳಿಯುವುದು ಶೇ. 20. ಇಷ್ಟು ಆಳಕ್ಕೆ 10 ಎಚ್‌ಪಿಯೇ ಬೇಕೆಂದು ಮಾರಾಟಗಾರರೊಬ್ಬರು ಒತ್ತಾಯಿಸುತ್ತಿದ್ದಾರೆ. ಮಾವಿನ ಸಸಿಗಳಿಗೂ ಒಂದು ಎಕರೆ ಟೊಮೆಟೊಗೂ ಹನಿ ನೀರಾವರಿ ಮಾಡುವ ಉದ್ದೇಶವಿದೆ. ಎಷ್ಟು ಎಚ್‌ಪಿ ತೆಗೆದುಕೊಳ್ಳಬೇಕು, ಎಸಿ ಒಳ್ಳೆಯದೋ ಡಿಸಿಯೋ ತಿಳಿಸಿಕೊಡಿ.

ಉತ್ತರ 1 (ಜಲಮಾಪಕ, ಚಿಂತಾಮಣಿ):
ದಯವಿಟ್ಟು ಕೊರೆಸಿದ ಆಳವನ್ನು ನೋಡಿ ಎಚ್‌ಪಿ ತೀರ್ಮಾನಿಸಬೇಡಿ. ಪಂಪು ಎತ್ತಬೇಕಾದದ್ದು 1,100 ಅಡಿಯಿಂದಲ್ಲ, ಮೋಟಾರು ಓಡುವಾಗ ನೀರು ಎಲ್ಲಿಗೆ ಇಳಿದು ನಿಲ್ಲುತ್ತದೆಯೋ ಅಲ್ಲಿಂದ. ಬಾಡಿಗೆ ಮೋಟಾರು ಮತ್ತು ಜನರೇಟರ್ ತರಿಸಿ, ಬೆಳಗಿನಿಂದ ಸಂಜೆಯವರೆಗೆ ಓಡಿಸಿ, ಆ ಮಟ್ಟವನ್ನು ಅಳೆಯಿರಿ. ಕಂಪ್ರೆಸರ್ ಗಾಳಿಯಿಂದ ಚಿಮ್ಮಿದ ನೀರನ್ನು ನೋಡಿ ರಿಗ್‌ನವರು ಹೇಳುವ ಇಂಚನ್ನು ನಂಬಿ ಪಂಪು ಆರಿಸುವಂತಿಲ್ಲ. ವಿ-ನಾಚ್‌ನಲ್ಲಿ (ನೀರಿನ ಹರಿವು ಅಳೆಯುವ ವಿ ಆಕಾರದ ಕಿಂಡಿ) ನಿಜವಾಗಿ ಎರಡು ಇಂಚು ಇದ್ದರೆ ಗಂಟೆಗೆ ಸುಮಾರು 2,800 ಲೀಟರ್ ಬರುತ್ತದೆ. ಅಂದರೆ 200 ಲೀಟರಿನ ಡ್ರಮ್ಮು ನಾಲ್ಕೂಕಾಲು ನಿಮಿಷದಲ್ಲಿ ತುಂಬಬೇಕು. ಸಂಜೆಯ ಹೊತ್ತಿಗೂ ಅಷ್ಟೇ ಸಮಯದಲ್ಲಿ ತುಂಬುತ್ತದೆಯೇ ಎಂಬುದೇ ಮುಖ್ಯ.

ನೀರು 620 ಅಡಿಗೆ ಇಳಿಯುತ್ತದೆ ಎಂದುಕೊಳ್ಳೋಣ. ಫಿಲ್ಟರ್, ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಕೊಳವೆ) ಮತ್ತು ಪೈಪಿನ ಘರ್ಷಣೆಗೆ 15 ಮೀಟರ್ ಸೇರಿಸಿದರೆ ಒಟ್ಟು ಹೆಡ್ (ಪಂಪು ನೀರೆತ್ತಬೇಕಾದ ಎತ್ತರ) ಸುಮಾರು 200 ಮೀಟರ್ ಆಗುತ್ತದೆ. ಅಷ್ಟು ಎತ್ತರಕ್ಕೆ ಗಂಟೆಗೆ 2,800 ಲೀಟರ್ ಎತ್ತಲು, ಪಂಪಿನ ದಕ್ಷತೆ ಶೇ. 50 ಎಂದು ಹಿಡಿದರೂ, ನಾಲ್ಕು ಎಚ್‌ಪಿಗಿಂತ ತುಸು ಹೆಚ್ಚು ಸಾಕು. 10 ಎಚ್‌ಪಿ ಇಳಿಸಿದರೆ ಬಾವಿ ಕೊಡುವುದಕ್ಕಿಂತ ಹೆಚ್ಚು ನೀರನ್ನು ಅದು ಎಳೆಯುತ್ತದೆ. ಡ್ರೈ ರನ್ (ನೀರಿಲ್ಲದೆ ಓಡುವುದು) ರಕ್ಷಣೆಯಿಂದ ಮೋಟಾರು ಪದೇ ಪದೇ ನಿಲ್ಲುತ್ತದೆ, ಬಿಸಿಲು ವ್ಯರ್ಥವಾಗುತ್ತದೆ.

ಉತ್ತರ 2 (ಮೋಟಾರ್ ವೈಂಡಿಂಗ್, ಕೋಲಾರ):
ಮೇಲಿನ ಲೆಕ್ಕ ಸರಿಯಾಗಿದೆ. ಆದರೆ ಆಳದ ಬಾವಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಬಿಸಿಲು ಕಡಿಮೆಯಾದಾಗ ಪಂಪಿನ ವೇಗ ಇಳಿಯುತ್ತದೆ, ಮತ್ತು ಸೆಂಟ್ರಿಫ್ಯೂಗಲ್ ಪಂಪು ಎತ್ತುವ ಎತ್ತರವು ವೇಗದ ವರ್ಗಕ್ಕೆ ಅನುಗುಣವಾಗಿ ಕುಸಿಯುತ್ತದೆ. ಶಟ್-ಆಫ್ ಹೆಡ್ (ಪಂಪು ಎತ್ತಬಲ್ಲ ಗರಿಷ್ಠ ಎತ್ತರ, ಅಲ್ಲಿ ಹರಿವು ಸೊನ್ನೆ) 220 ಮೀಟರ್ ಇರುವ ಪಂಪು ವೇಗ ಶೇ. 95ಕ್ಕೆ ಇಳಿದಾಗಲೇ 200 ಮೀಟರ್ ಮುಟ್ಟದೆ ನಿಲ್ಲುತ್ತದೆ. 280 ಮೀಟರಿನದು ಶೇ. 85ರವರೆಗೂ ತಡೆಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೋಟಾರು ತಿರುಗುತ್ತಿರುತ್ತದೆ, ಪೈಪಿನ ಬಾಯಲ್ಲಿ ಮಾತ್ರ ಒಂದು ಹನಿಯೂ ಇರುವುದಿಲ್ಲ. ಇದನ್ನು ನಮ್ಮ ಭಾಗದ ಅನೇಕ ತೋಟಗಳಲ್ಲಿ ನೋಡಿದ್ದೇನೆ. ಆದ್ದರಿಂದ ಎಚ್‌ಪಿ ಕೇಳುವ ಮೊದಲು ಪಂಪಿನ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಬರುತ್ತದೆಂದು ತೋರಿಸುವ ರೇಖಾಚಿತ್ರ) ಕೇಳಿ ಪಡೆಯಿರಿ. 5 ಎಚ್‌ಪಿಗೆ ಯೋಜನೆಯಲ್ಲಿ ನಿಗದಿಯಾದ ಪ್ಯಾನೆಲ್ 4,800 ವ್ಯಾಟ್. ಈ ಹೆಡ್‌ಗೆ ಅದು ನಡುಮಧ್ಯಾಹ್ನದಲ್ಲಷ್ಟೇ ಸಾಲುತ್ತದೆ. 7.5 ಎಚ್‌ಪಿಗೆ 6,750 ವ್ಯಾಟ್ ಸಿಗುವುದರಿಂದ, ಸ್ಟೇಜ್ (ಪಂಪಿನೊಳಗೆ ಒಂದರ ಮೇಲೊಂದು ಜೋಡಿಸಿದ ಇಂಪೆಲ್ಲರ್ ಹಂತ) ಹೆಚ್ಚಾಗಿಯೂ ನೀರು ಕಡಿಮೆಯಾಗಿಯೂ ಇರುವ 7.5 ಎಚ್‌ಪಿ ಮಾದರಿಯನ್ನು ನಾನು ಆರಿಸುತ್ತೇನೆ.

ಬ್ರಷ್‌ರಹಿತ ಡಿಸಿ ಮೋಟಾರು ಅದೇ ಪ್ಯಾನೆಲ್‌ನಲ್ಲಿ ಹೆಚ್ಚು ನೀರು ಕೊಡುತ್ತದೆ ಎಂಬುದು ನಿಜ. ಆದರೂ 700 ಅಡಿಯಿಂದ ಮೇಲೆತ್ತಿದ ಮೋಟಾರು ಸುಟ್ಟಿದ್ದರೆ, ಎಸಿಯನ್ನು ತಾಲ್ಲೂಕು ಕೇಂದ್ರದಲ್ಲೇ ವೈಂಡಿಂಗ್ ಮಾಡಿಸಬಹುದು. ಡಿಸಿಗೆ ಕಂಪನಿಯವರ ದಾರಿಯನ್ನೇ ಕಾಯಬೇಕು. ಬೆಳೆ ನಿಂತಿರುವಾಗ ಆ ಕಾಯುವಿಕೆ ಬಹಳ ದುಬಾರಿ. ಪಂಪಿನಿಂದ ಮೇಲಕ್ಕೆ ನೀರು ತರುವ ಕಾಲಂ ಪೈಪಿನ ಒತ್ತಡದ ದರ್ಜೆಯನ್ನೂ ಪರೀಕ್ಷಿಸಿ. 700 ಅಡಿಯ ನೀರಿನ ಕಂಬ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 21 ಕೆಜಿ ಒತ್ತಡ.

ಉತ್ತರ 3 (ಹನಿ ನೀರಾವರಿ, ಮುಳಬಾಗಿಲು):
ನೀರಿನ ಖರ್ಚನ್ನೂ ಈಗಲೇ ಲೆಕ್ಕ ಹಾಕಿ. ಗಂಟೆಗೆ 2,800 ಲೀಟರಿನಂತೆ ಒಳ್ಳೆಯ ಬಿಸಿಲಿನ ಐದೂವರೆ ಗಂಟೆಗೆ ಸುಮಾರು 15,000 ಲೀಟರ್ ಆಗುತ್ತದೆ. ಏಪ್ರಿಲ್‌ನಲ್ಲಿ ಕಾಯಿ ಕಟ್ಟಿದ ಒಂದು ಎಕರೆ ಟೊಮೆಟೊ ಅಷ್ಟನ್ನೂ ಕುಡಿಯಬಲ್ಲದು. ಮಾವಿನ ಸಸಿಗಳಿಗೆ ಉಳಿಯುವುದು ಅತ್ಯಲ್ಪ. ಬೇಸಿಗೆಯಲ್ಲಿ ಟೊಮೆಟೊವನ್ನು ಅರ್ಧ ಎಕರೆಗೆ ಇಳಿಸಿ. ಪಂಪನ್ನು ನೇರವಾಗಿ ಡ್ರಿಪ್‌ಗೆ ಜೋಡಿಸುವ ಬದಲು ತಾಡಪಾಲು ಹೊದಿಸಿದ ಕೃಷಿ ಹೊಂಡಕ್ಕೆ ಬಿಟ್ಟರೆ, ಮೋಡ ಬಂದು ಹೋಗುವ ದಿನ ಲ್ಯಾಟರಲ್ ಒತ್ತಡ ಏರಿಳಿಯುವ ಕಾಟ ತಪ್ಪುತ್ತದೆ. ಹೊಂಡದಿಂದ ಹರಿಸಲು ಬೇರೊಂದು ಸಣ್ಣ ಪಂಪು ಬೇಕಾಗುತ್ತದೆ ಎಂಬುದನ್ನು ಮಾತ್ರ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲು ಬಾಡಿಗೆ ಮೋಟಾರಿನಿಂದ ಇಡೀ ದಿನ ನೀರಿನ ಮಟ್ಟ ಅಳೆಯುತ್ತೇವೆ. ಆ ಅಂಕಿಗಳು ಕೈಗೆ ಬಂದ ಮೇಲೆ 7.5 ಎಚ್‌ಪಿ ಎಸಿ ಪಂಪುಗಳ ಕರ್ವ್ ತರಿಸಿ ಇಲ್ಲಿಯೇ ಹಾಕುತ್ತೇನೆ. ಶಟ್-ಆಫ್ ಹೆಡ್ ಸಾಲುವುದೇ ಎಂದು ಕೋಲಾರದ ಅಣ್ಣನವರು ದಯವಿಟ್ಟು ನೋಡಿ ಹೇಳಬೇಕು.