ಲಿಥುವೇನಿಯಾ, 1990: ‘ಸ್ವಾತಂತ್ರ್ಯ ಘೋಷಣೆ’ ಎನ್ನಬಹುದೇ?

ಮಾನ್ಯರೇ,

ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿ ಬಾಲ್ಟಿಕ್ ತೀರದಲ್ಲಿ ನಡೆದ ಚುನಾವಣೆಗಳನ್ನು ಕುರಿತು ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ಘಟನೆಗಳನ್ನು ನಿರೂಪಿಸುವುದು ಕಷ್ಟವಲ್ಲ. ಆದರೆ ಅವುಗಳಿಗೆ ಹೆಸರಿಡಲು ಹೊರಟಾಗ ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿರುವ ಪದಗಳು ಮಾಸ್ಕೋ ಅಥವಾ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌, ಯಾವುದಾದರೊಂದು ಕಡೆಯ ವಕಾಲತ್ತನ್ನು ವಹಿಸಿಕೊಂಡೇ ಬರುತ್ತವೆ. ಆದ್ದರಿಂದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

‘ಪ್ರಾದೇಶಿಕ ಚುನಾವಣೆ’ ಎಂಬುದನ್ನು ನಾನು ಕೈಬಿಟ್ಟಿದ್ದೇನೆ. ಅದನ್ನು ಓದಿದವರಿಗೆ ನಮ್ಮ ಪ್ರಾದೇಶಿಕ ಪಕ್ಷಗಳು ನೆನಪಾಗುತ್ತವೆಯೇ ಹೊರತು ಒಕ್ಕೂಟದ ಹದಿನೈದು ಘಟಕ ಗಣರಾಜ್ಯಗಳು ತಮ್ಮ ತಮ್ಮ ಶಾಸನಸಭೆಗಳಾದ ಸರ್ವೋಚ್ಚ ಸೋವಿಯತ್‌ಗಳಿಗೆ ಸದಸ್ಯರನ್ನು ಆರಿಸಿದ ಚಿತ್ರ ಮೂಡುವುದಿಲ್ಲ. ‘ಗಣರಾಜ್ಯಗಳ ಚುನಾವಣೆ’ ಎಂದರೆ ಸಾಕು.

ನಿಜವಾದ ತೊಡಕು ಇರುವುದು ಲಿಥುವೇನಿಯಾದ 1990ರ ಮಾರ್ಚ್ 11ರ ನಿರ್ಣಯದಲ್ಲಿ. ಫೆಬ್ರವರಿ 24ರಂದು ಆರಂಭವಾದ ಚುನಾವಣೆಯಲ್ಲಿ ಸ್ವಾತಂತ್ರ್ಯಪರವಾದ ‘ಸಾಯುದಿಸ್’ ಚಳವಳಿಯ ಬೆಂಬಲ ಪಡೆದವರು ಬಹುಮತ ಗಳಿಸಿದರು. ಅವರಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಇದ್ದರು. ಲಿಥುವೇನಿಯಾದ ಆ ಪಕ್ಷವೇ 1989ರ ಡಿಸೆಂಬರಿನಲ್ಲಿ ಮಾಸ್ಕೋದ ಮಾತೃಪಕ್ಷದಿಂದ ಕಡಿದುಕೊಂಡಿದ್ದರಿಂದ ‘ಕಮ್ಯುನಿಸ್ಟರು ಮತ್ತು ಸ್ವಾತಂತ್ರ್ಯವಾದಿಗಳು’ ಎಂದು ಎರಡು ಬಣಗಳನ್ನಾಗಿ ವಿಂಗಡಿಸುವುದು ಸರಿಯಲ್ಲ. ವೀತೌತಾಸ್ ಲಾಂಡ್ಸ್‌ಬರ್ಗಿಸ್ ಅವರ ಅಧ್ಯಕ್ಷತೆಯಲ್ಲಿ ಈ ಹೊಸ ಸಭೆಯು 124 ಮತಗಳಿಂದ, ಒಂದೂ ವಿರೋಧ ಮತವಿಲ್ಲದೆ, ಆರು ಮಂದಿ ತಟಸ್ಥರಾಗಿ ಉಳಿದಿರಲು ಅಂಗೀಕರಿಸಿದ ನಿರ್ಣಯದ ಶೀರ್ಷಿಕೆಯಲ್ಲಿ ‘ಘೋಷಣೆ’ ಎಂಬ ಮಾತಿಲ್ಲ. ಅಲ್ಲಿರುವುದು ‘ಲಿಥುವೇನಿಯಾದ ಸ್ವತಂತ್ರ ಪ್ರಭುತ್ವದ ಅತ್‌ಸ್ತಾತಿಮಾಸ್’, ಅಂದರೆ ಬಿದ್ದುದನ್ನು ಮತ್ತೆ ಎತ್ತಿ ನಿಲ್ಲಿಸುವುದು; ಕೆಡವಿದ ಕಟ್ಟಡವನ್ನು ಮರಳಿ ಕಟ್ಟುವುದಕ್ಕೂ ಅದೇ ಪದ ಸಲ್ಲುತ್ತದೆ. 1918ರ ಫೆಬ್ರವರಿ 16ರಂದು ಸಾರಲಾದ ಪ್ರಭುತ್ವವನ್ನು 1940ರಲ್ಲಿ ಹೊರಗಿನ ಬಲವು, ಅಂದರೆ ಸೋವಿಯತ್ ಒಕ್ಕೂಟವು, ಅಮಾನ್ಯಗೊಳಿಸಿತು, ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ಎಂದೂ ಅಳಿದಿರಲಿಲ್ಲ ಎಂಬುದು ಅವರ ವಾದದ ತಿರುಳು. ಅದನ್ನು ತೋರಿಸಿಕೊಡಲೆಂದೇ ಅಂದು 1938ರ ಸಂವಿಧಾನವನ್ನು ಮೊದಲು ಊರ್ಜಿತಗೊಳಿಸಿ, ಬೆನ್ನಲ್ಲೇ ಅಮಾನತಿನಲ್ಲಿಟ್ಟು, ತಾತ್ಕಾಲಿಕ ಮೂಲಶಾಸನವೊಂದನ್ನು ಜಾರಿಗೆ ತಂದರು. ಕನ್ನಡದಲ್ಲಿ ‘ಸ್ವಾತಂತ್ರ್ಯ ಘೋಷಿಸಿತು’ ಎಂದು ಬರೆದ ಕೂಡಲೇ ಈ ವಾದವೆಲ್ಲ ಮಾಯವಾಗಿ, ಅಲ್ಲಿಯವರೆಗೆ ಇರದಿದ್ದ ದೇಶವೊಂದು ಆ ರಾತ್ರಿ ಹುಟ್ಟಿತೆಂಬ ಭಾವನೆ ಬರುತ್ತದೆ. ‘ಮರುಸ್ಥಾಪನೆ’ ಅಷ್ಟಕ್ಕೆ ಒಪ್ಪುತ್ತದೆ ಎಂಬುದು ನನ್ನ ಎಣಿಕೆ. ‘ಪುನಃಸ್ಥಾಪನೆ’ ಶುದ್ಧವಾದರೂ ದೇವಾಲಯದ ವಿಗ್ರಹಗಳ ಸಂದರ್ಭವನ್ನೇ ಹೆಚ್ಚು ಸೂಚಿಸುತ್ತದೆ.

‘ಪ್ರತ್ಯೇಕತೆ’ಯ ತೊಂದರೆ ಇದಕ್ಕಿಂತ ದೊಡ್ಡದು. ಅದೇ ವರ್ಷಗಳಲ್ಲಿ ಪಂಜಾಬ್ ಮತ್ತು ಕಾಶ್ಮೀರದ ಸುದ್ದಿಗಳಲ್ಲಿ ಮಾಗಿದ ‘ಪ್ರತ್ಯೇಕತಾವಾದಿ’ ಎಂಬ ಪದಕ್ಕೆ ನಮ್ಮಲ್ಲಿ ಆರೋಪದ ಧ್ವನಿಯಿದೆ. ‘ಪ್ರತ್ಯೇಕ ರಾಜ್ಯ’ ಎಂದರೆ ಅದಕ್ಕೆ ತದ್ವಿರುದ್ಧವಾಗಿ, ತೆಲಂಗಾಣದ ಹಾಗೆ, ಒಕ್ಕೂಟದೊಳಗೇ ಉಳಿಯುವ ಬೇಡಿಕೆ. ಎರಡೂ ಲಿಥುವೇನಿಯಾಕ್ಕೆ ಹೊಂದುವುದಿಲ್ಲ. ಸೋವಿಯತ್ ಕಾನೂನು ಬಳಸಿದ ಪದವಾದರೂ ಇವೆರಡಕ್ಕಿಂತ ಸರಳವಾಗಿತ್ತು. 1977ರ ಸಂವಿಧಾನದ 72ನೆಯ ವಿಧಿಯು ಪ್ರತಿಯೊಂದು ಘಟಕ ಗಣರಾಜ್ಯಕ್ಕೂ ಮುಕ್ತವಾಗಿ ‘ವೀಖದ್’ ಮಾಡುವ ಹಕ್ಕನ್ನು ಕೊಟ್ಟಿತ್ತು. ರಷ್ಯದಲ್ಲಿ ರೈಲು ನಿಲ್ದಾಣದ ಹೊರಬಾಗಿಲ ಮೇಲೆ ಬರೆದಿರುವುದೂ ಇದೇ ಪದ. ಆ ಬಾಗಿಲನ್ನು ತೆರೆಯುವ ವಿಧಾನವನ್ನು ಮಾತ್ರ 1990ರ ಏಪ್ರಿಲ್ 3ರವರೆಗೆ ಯಾರೂ ಗೊತ್ತುಪಡಿಸಿರಲಿಲ್ಲ. ಅಂದು ಬಂದ ಕಾನೂನು ಜನಮತಗಣನೆಯಲ್ಲಿ ಮೂರನೆಯ ಎರಡರಷ್ಟು ಬೆಂಬಲವನ್ನೂ ಐದು ವರ್ಷಗಳವರೆಗಿನ ಸಂಕ್ರಮಣಕಾಲವನ್ನೂ ವಿಧಿಸಿತು. ನ್ಯಾಯಬದ್ಧವಾಗಿ ಒಳಗೆ ಬಂದೇ ಇಲ್ಲದವರು ಹೊರಹೋಗುವ ಮಾತೆಲ್ಲಿಯದು ಎಂಬುದು ವಿಲ್ನಿಯಸ್‌ನ ನಿಲುವು. ಆದ್ದರಿಂದ ಮಾಸ್ಕೋದ ಕಾನೂನನ್ನು ಕುರಿತು ಬರೆಯುವಾಗ ‘ಒಕ್ಕೂಟದಿಂದ ಹೊರಹೋಗುವುದು’ ಎಂದೂ, ವಿಲ್ನಿಯಸ್‌ನ ನಿರ್ಣಯವನ್ನು ಕುರಿತು ಬರೆಯುವಾಗ ‘ಮರುಸ್ಥಾಪನೆ’ ಎಂದೂ ಬೇರೆ ಬೇರೆ ಪದಗಳನ್ನೇ ಇಟ್ಟಿದ್ದೇನೆ. ಏಕರೂಪತೆ ತಪ್ಪಿತೆಂದು ಸಂಪಾದಕರು ಆಕ್ಷೇಪಿಸಬಹುದು. ಇಲ್ಲಿ ಏಕರೂಪತೆಯೇ ತಪ್ಪೆಂದು ನನಗೆ ತೋರುತ್ತದೆ.

‘ಸಾರ್ವಭೌಮತ್ವ’ದಲ್ಲಿ ತಲೆಕೆಳಗಾದ ಸಮಸ್ಯೆಯಿದೆ. ನಮ್ಮ ಸಂವಿಧಾನದ ಪ್ರಸ್ತಾವನೆಯನ್ನು ಓದಿ ಬೆಳೆದವರಿಗೆ ‘ಸಾರ್ವಭೌಮ’ ಎಂಬುದು ‘ಸ್ವತಂತ್ರ’ಕ್ಕಿಂತ ಒಂದು ತೂಕ ಹೆಚ್ಚು. ಅಲ್ಲಾದರೋ ಅದು ಒಂದು ಮೆಟ್ಟಿಲು ಕೆಳಗಿನದು. 1988ರ ನವೆಂಬರ್ 16ರಂದು ಎಸ್ತೋನಿಯಾ ಸಾರ್ವಭೌಮತ್ವವನ್ನು ಸಾರಿದಾಗ ಅದರ ಅರ್ಥ ಗಣರಾಜ್ಯದ ಕಾನೂನು ಒಕ್ಕೂಟದ ಕಾನೂನಿಗಿಂತ ಮೇಲು ಎಂದಷ್ಟೇ. 1990ರ ಜೂನ್ 12ರ ರಷ್ಯದ ಘೋಷಣೆಯಂತೂ ನವೀಕೃತ ಒಕ್ಕೂಟದೊಳಗೇ ಇರುವುದಾಗಿ ಹೇಳಿತ್ತು. ಆ ದಿನವನ್ನು ಜನರು ಸ್ವಾತಂತ್ರ್ಯ ದಿನವೆಂದು ಕರೆಯತೊಡಗಿದ ಮೇಲೆ ‘ಯಾರಿಂದ ಸ್ವಾತಂತ್ರ್ಯ?’ ಎಂಬ ಕುಚೋದ್ಯ ರಷ್ಯದಲ್ಲೇ ಹುಟ್ಟಿಕೊಂಡಿತು. ಕರ್ನಾಟಕದ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಕಾಣುವ ‘ಪರಮಾಧಿಕಾರ’ ಎಂಬ ಪದವನ್ನು ಇಲ್ಲಿ ಬಳಸಿದರೆ ಗೊಂದಲ ತಪ್ಪೀತೇ?

ಇನ್ನು ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಲಿಥುವೇನಿಯಾದ ರಾಷ್ಟ್ರೀಯ ದಿನಗಳಲ್ಲಿ ಎರಡು ಹೀಗಿವೆ: ಫೆಬ್ರವರಿ 16 ‘ವಾಲ್ಸ್ತೀಬೆ’ಯನ್ನು (ಇಂಗ್ಲಿಷಿನ ‘ಸ್ಟೇಟ್’) ಮರುಸ್ಥಾಪಿಸಿದ ದಿನ, ಮಾರ್ಚ್ 11 ಸ್ವಾತಂತ್ರ್ಯವನ್ನು ಮರುಸ್ಥಾಪಿಸಿದ ದಿನ. ಎಸ್ತೋನಿಯಾದವರು ಫೆಬ್ರವರಿ 24ನ್ನು ಸ್ವಾತಂತ್ರ್ಯ ದಿನವೆಂದೂ, ಆಗಸ್ಟ್ 20ನ್ನು, ಅದೇ ಪದದ ಮುಂದೆ ‘ಮರಳಿ’ ಎಂಬರ್ಥದ ‘ತಾಸ್’ ಸೇರಿಸಿ, ಬೇರೆಯಾಗಿಯೂ ಕರೆಯುವುದರಿಂದ ಅಲ್ಲಿ ತೊಡಕಿಲ್ಲ. ಲಿಥುವೇನಿಯಾದ ‘ವಾಲ್ಸ್ತೀಬೆ’ಗೆ ‘ರಾಜ್ಯ’ ಎಂದರೆ ನಮ್ಮವರು ಕರ್ನಾಟಕ, ಕೇರಳಗಳ ಸಾಲಿನಲ್ಲಿ ಓದುತ್ತಾರೆ. ‘ದೇಶ’ ಎಂದರೆ ನೆಲವಾಗುತ್ತದೆ, ‘ರಾಷ್ಟ್ರ’ ಎಂದರೆ ಜನಸಮುದಾಯವಾಗುತ್ತದೆ, ಇವೆರಡೂ ಎಲ್ಲಿಗೂ ಹೋಗಿರಲಿಲ್ಲ. ಮೇಲೆ ನಾನು ಬಳಸಿರುವ ‘ಪ್ರಭುತ್ವ’ ಅರ್ಥದಲ್ಲಿ ಸರಿಯಾದರೂ, ಅದನ್ನು ಟೀಕೆಯ ಬರಹಗಳಲ್ಲೇ ಓದಿ ರೂಢಿಯಾದವರಿಗೆ ‘ಪ್ರಭುತ್ವ ಮರುಸ್ಥಾಪನಾ ದಿನ’ ಎಂಬ ಹಬ್ಬದ ಹೆಸರು ವಿಚಿತ್ರವಾಗಿ ಕೇಳಿಸಬಹುದು. ಇದಕ್ಕಿಂತ ಒಳ್ಳೆಯ ಪದವನ್ನು ಬಳಕೆಯಲ್ಲಿ ಕಂಡವರು ದಯವಿಟ್ಟು ಸಂದರ್ಭಸಹಿತ ತಿಳಿಸಬೇಕಾಗಿ ಕೋರುತ್ತೇನೆ.