ರಾ ಡೆನಿಮ್ ಜೀನ್ಸನ್ನು ಆರು ತಿಂಗಳು ತೊಳೆಯಬಾರದಂತೆ, ತುಮಕೂರಿನ ಸೆಕೆಯಲ್ಲಿ ಇದು ಆಗುವ ಮಾತಾ?

ಅಮಾನಿಕೆರೆ_ಸವಾರ:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ಕೆಲಸ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ, ದಿನಾ ಬೈಕಿನಲ್ಲೇ ಓಡಾಟ. ಬಹಳ ಕಾಲ ಆಸೆ ಇಟ್ಟುಕೊಂಡಿದ್ದು ಕೊನೆಗೂ ಒಂದು ಜಪಾನಿ ಜೀನ್ಸ್ ತರಿಸಿದೆ. ಲೀವೈಸ್ 501ರ 1947ರ ಮಾದರಿಯನ್ನು ಬಟ್ಟೆ, ಹೊಲಿಗೆ, ಗುಂಡಿ, ರಿವೆಟ್ ಎಲ್ಲವನ್ನೂ ಹಳೆಯದರಂತೆಯೇ ಇಟ್ಟು ಹೊಲಿದ ಪ್ಯಾಂಟ್. ಚದರ ಗಜಕ್ಕೆ 13.5 ಔನ್ಸ್ ತೂಕದ, ಸ್ಯಾನ್‌ಫರೈಸ್ ಮಾಡದ ಅಂದರೆ ಮೊದಲೇ ಕುಗ್ಗಿಸದ ಬಟ್ಟೆ, ಇನ್ನೂ ಒಂದು ಹನಿ ನೀರು ಸೋಕಿಲ್ಲ, ಹೀಗೆ ಒಗೆಯದೆ ಬರುವುದಕ್ಕೇ ರಾ ಡೆನಿಮ್ ಅನ್ನುವುದು. ಒಸಾಕಾದಲ್ಲಿರುವ ನೆಂಟರು ಊರಿಗೆ ಬರುವಾಗ ತಂದುಕೊಟ್ಟರು. ಬೆಲೆ ಇಲ್ಲಿ ಹೇಳುವುದಿಲ್ಲ, ಮನೆಯಲ್ಲೂ ಹೇಳಿಲ್ಲ.

ಈಗ ತಲೆನೋವು ಶುರುವಾಗಿದೆ. ಓದಿದ ಕಡೆಯೆಲ್ಲ ಒಬ್ಬ ಆರು ತಿಂಗಳು ತೊಳೆಯಬೇಡ ಅನ್ನುತ್ತಾನೆ, ಇನ್ನೊಬ್ಬ ವರ್ಷ ಅನ್ನುತ್ತಾನೆ, ಮತ್ತೊಬ್ಬ ಫ್ರೀಜರ್‌ನಲ್ಲಿ ಇಡು ಅನ್ನುತ್ತಾನೆ. ಅವರೆಲ್ಲ ಚಳಿ ದೇಶದವರು. ನಮ್ಮಲ್ಲಿ ಮಾರ್ಚ್ ಬಂತೆಂದರೆ ಸಿಗ್ನಲ್‌ನಲ್ಲಿ ನಿಂತರೂ ತೊಡೆ ಬೆವರುತ್ತದೆ, ಮೇಲೆ ಹೆದ್ದಾರಿ ಧೂಳು ಬೇರೆ. ಅಮ್ಮ ಆಗಲೇ ಅದನ್ನು ಒಗೆಯುವ ಬುಟ್ಟಿಗೆ ಹಾಕಿದ್ದರು, ನಾನೇ ತೆಗೆದು ಬೀರುವಿನಲ್ಲಿ ಬಚ್ಚಿಟ್ಟೆ.

ನನಗೆ ಬೇಕಾದದ್ದು 1950ರ ದಶಕದ ಹಳೆ ಫೋಟೋಗಳಲ್ಲಿ ಕಾಣುತ್ತದಲ್ಲ, ಆ ಥರದ ಮೆತ್ತಗಿನ, ತಿಳಿ ನೀಲಿ, ಉದ್ದುದ್ದ ಗೆರೆ ಬಿದ್ದ ಬಣ್ಣ. ಅದಕ್ಕೆ ಏನು ಮಾಡಬೇಕು? ಮೊದಲು ನೆನೆಸಬೇಕಾ? ನಮ್ಮ ಮನೆಗೆ ಬೋರ್‌ವೆಲ್ ನೀರು, ಬಕೆಟ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅದು ಬಟ್ಟೆಗೆ ಪರವಾಗಿಲ್ವಾ? ಉದ್ದ ಕೂಡ ಜಾಸ್ತಿ ಇದೆ, ಮಂಡಿಪೇಟೆ ಕಡೆ ಯಾರಿಗಾದರೂ ಕೊಟ್ಟು ಕತ್ತರಿಸಿಬಿಡಲಾ? ಗೆಳೆಯರಂತೂ ಗೋಣಿಚೀಲ ಹಾಕಿಕೊಂಡು ಬಂದ ಅಂತ ನಗುತ್ತಿದ್ದಾರೆ, ನಗಲಿ ಬಿಡಿ.

ನಂದಿ_ನೀಲಿ (ಚಿಕ್ಕಬಳ್ಳಾಪುರ):

ಮೊದಲು ಒಂದು ಮಾತು. ಈಗಲೇ ಕತ್ತರಿಸಬೇಡಿ! ನೆನೆಸುವ ಮೊದಲು ಕತ್ತರಿಸಿದರೆ ಆಮೇಲೆ ಮುಕ್ಕಾಲು ಪ್ಯಾಂಟ್ ಆಗುತ್ತದೆ.

ಕಾರಣ ಹೇಳುತ್ತೇನೆ. ಇವತ್ತು ಅಂಗಡಿಯಲ್ಲಿ ಸಿಗುವ ಜೀನ್ಸ್ ಬಟ್ಟೆಯನ್ನು ಗಿರಣಿಯಲ್ಲೇ ಆವಿ ಕೊಟ್ಟು ಒತ್ತಿ ಕುಗ್ಗಿಸಿರುತ್ತಾರೆ. ಸ್ಯಾನ್‌ಫರ್ಡ್ ಕ್ಲುಯೆಟ್ ಅನ್ನುವ ಅಮೆರಿಕದವರು ಕಂಡುಹಿಡಿದ ವಿಧಾನ ಅದು, 1930ರಲ್ಲಿ ಪೇಟೆಂಟ್ ಆಯಿತು, ಅವರ ಹೆಸರಿನಿಂದಲೇ ಸ್ಯಾನ್‌ಫರೈಸ್ ಅನ್ನುವ ಮಾತು ಬಂದದ್ದು. ಹಾಗೆ ಮಾಡಿದ ಬಟ್ಟೆ ನೂರಕ್ಕೆ 1ರಿಂದ 3ರಷ್ಟು ಮಾತ್ರ ಕುಗ್ಗುತ್ತದೆ. ನಿಮ್ಮದು ಮಗ್ಗದಿಂದ ಇಳಿದ ಹಾಗೇ ಇದೆ. ಅದು 7ರಿಂದ 10ರವರೆಗೂ ಕುಗ್ಗಬಹುದು. ಉದ್ದದಲ್ಲಿ ಹೆಚ್ಚು, ಸೊಂಟದಲ್ಲಿ ಕಮ್ಮಿ, ಮತ್ತೆ ಸೊಂಟ ಹಾಕಿಕೊಂಡ ಹಾಗೆ ಸಡಿಲವೂ ಆಗುತ್ತದೆ, ಉದ್ದ ಮಾತ್ರ ವಾಪಸ್ ಬರುವುದಿಲ್ಲ.

ನೆನೆಸುವುದು ಹೀಗೆ. ಮೊದಲು ಟೇಪ್ ಹಿಡಿದು ಸೊಂಟ, ತೊಡೆ, ಒಳಗಾಲಿನ ಅಳತೆ ಬರೆದಿಡಿ. ಗುಂಡಿ ಹಾಕಿ, ಒಳಮೈ ಹೊರಗೆ ಮಾಡಿ, ದೊಡ್ಡ ಟಬ್‌ನಲ್ಲಿ ಸ್ನಾನದ ನೀರಿಗಿಂತ ಸ್ವಲ್ಪ ಬಿಸಿ ಇರುವ ನೀರಲ್ಲಿ ಮುಳುಗಿಸಿ. ಸೋಪು ಬೇಡ. ಪ್ಯಾಂಟ್ ತೇಲುತ್ತದೆ, ಮೇಲೆ ಏನಾದರೂ ಭಾರ ಇಡಿ. ಒಂದು ಗಂಟೆ ಸಾಕು. ನೀರು ಕಂದು ನೀಲಿ ಆಗುತ್ತದೆ, ಗಾಬರಿ ಬೇಡ, ಅದು ನೂಲಿಗೆ ಹಾಕಿದ ಗಂಜಿ ಮತ್ತು ಹಿಡಿಯದೆ ಉಳಿದ ಬಣ್ಣ. ಹಿಂಡಬೇಡಿ, ನೀರು ಸೋರುವ ಹಾಗೆ ಸೊಂಟ ಮೇಲೆ ಮಾಡಿ ನೆರಳಿನಲ್ಲಿ ನೇತು ಹಾಕಿ. ಸ್ವಲ್ಪ ಹಸಿ ಇರುವಾಗ ಹಾಕಿಕೊಂಡು ಮನೆಯಲ್ಲೇ ಓಡಾಡಿದರೆ ಮೈಗೆ ಕೂರುತ್ತದೆ. ಸೋಫಾ ಮೇಲೆ ಮಾತ್ರ ಕೂರಬೇಡಿ ದಯವಿಟ್ಟು.

ಇನ್ನು ತೊಳೆಯುವ ವಿಚಾರ. ಇಲ್ಲಿ ಬಹಳ ಜನ ಎರಡು ಬೇರೆ ಬೇರೆ ವಿಷಯ ಕಲಸಿಬಿಡುತ್ತಾರೆ. ಡೆನಿಮ್‌ನಲ್ಲಿ ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಮಾತ್ರ ನೀಲಿ, ಅಡ್ಡಕ್ಕೆ ಹೋಗುವ ಹೊಕ್ಕು ನೂಲು ಬಿಳಿ. ಆ ಹಾಸಿನ ನೂಲನ್ನು ಹಗ್ಗದ ಹಾಗೆ ಕಟ್ಟು ಮಾಡಿ ಇಂಡಿಗೋದಲ್ಲಿ ಅದ್ದುತ್ತಾರೆ, ಗಾಳಿಗೆ ಎತ್ತುತ್ತಾರೆ, ಹಸಿರು ಹಳದಿ ಇದ್ದದ್ದು ನೀಲಿಗೆ ತಿರುಗುತ್ತದೆ, ಮತ್ತೆ ಅದ್ದುತ್ತಾರೆ. ಎಷ್ಟು ಅದ್ದಿದರೂ ಇಂಡಿಗೋ ನೂಲಿನ ಹೊರಮೈಯಲ್ಲೇ ಕೂರುತ್ತದೆ, ನಡುವೆ ಬಿಳಿಯಾಗಿಯೇ ಇರುತ್ತದೆ. ಅದಕ್ಕೇ ಉಜ್ಜಿದ ಕಡೆ ಬಿಳಿ ಮೇಲೆ ಬರುವುದು. ತೊಳೆಯದೆ ಹಾಕಿದರೆ ಬಟ್ಟೆ ಗಡುಸಾಗಿದ್ದು, ಮಡಿಕೆ ಬಿದ್ದ ಜಾಗದಲ್ಲೇ ಮತ್ತೆ ಮತ್ತೆ ಮಡಿಕೆ ಬೀಳುತ್ತದೆ. ಅಲ್ಲಿ ಮಾತ್ರ ಬೆಳ್ಳಗೆ, ಉಳಿದದ್ದು ಕಡು ನೀಲಿ. ಮಂಡಿ ಹಿಂದೆ ಜೇನುಗೂಡಿನ ಗುರುತು, ತೊಡೆ ಮೇಲೆ ಮೀಸೆ ಗೆರೆ. ಇದು ಈಚಿನ ಹುಡುಗರ ಶೋಕಿ, ತಪ್ಪು ಅನ್ನುವುದಿಲ್ಲ, ನೋಡಲು ಜೋರಾಗಿರುತ್ತದೆ.

ಆದರೆ ನೀವು ಕೇಳಿದ್ದು ಅದಲ್ಲವಲ್ಲ. 1950ರ ಫೋಟೋದಲ್ಲಿ ಇರುವವರು ಕೆಲಸದ ಜನ. ಮೈತುಂಬ ಮಣ್ಣು ಮಾಡಿಕೊಂಡು ಬಂದು ಪ್ಯಾಂಟನ್ನು ಆಗಾಗ ಒಗೆಸುತ್ತಿದ್ದರು. ಹಾಗೆ ಒಗೆದಾಗ ಬಣ್ಣ ಎಲ್ಲ ಕಡೆ ಸಮನಾಗಿ ಇಳಿಯುತ್ತದೆ, ನೂಲು ದಪ್ಪ ಇರುವ ಕಡೆ ಬೇಗ ಸವೆದು ಮೇಲಿಂದ ಕೆಳಗೆ ಉದ್ದ ಗೆರೆ ಏಳುತ್ತದೆ. ಜಪಾನಿನವರು ಅದಕ್ಕೆ ತಾತೆ ಒಚಿ ಅನ್ನುತ್ತಾರೆ. ಅದು ಬೇಕಾದರೆ ಅಮ್ಮನ ಜೊತೆ ಜಗಳ ಬಿಡಿ, ತೊಳೆಯಿರಿ.

ಕೆಜಿಎಫ್_ಪೆಟ್ಟಿಗೆ (ಕೋಲಾರ):

ಮೇಲಿನವರ ಮಾತು ಒಪ್ಪುತ್ತೇನೆ, ಆದರೂ ಮೊದಲ ತೊಳೆತಕ್ಕೆ ಮುಂಚೆ ಒಂದೆರಡು ತಿಂಗಳಾದರೂ ತಡೆಯಿರಿ. ಮಡಿಕೆ ಒಂದು ಸಲ ಕೂತರೆ ಆಮೇಲೆ ಎಷ್ಟು ಒಗೆದರೂ ಗುರುತು ಉಳಿಯುತ್ತದೆ. ಏನೂ ಇಲ್ಲದೆ ಬರೀ ಸಮನಾಗಿ ಬೆಳ್ಳಗಾದ ಪ್ಯಾಂಟ್ ಬೇಕಿದ್ದರೆ ಸಂತೆಯಲ್ಲೇ ಸಿಗುತ್ತದೆ, ಅಲ್ವಾ? ಲೀವೈಸ್ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ ಕೂಡ 2014ರಲ್ಲಿ ತಾವು ಹಾಕಿದ್ದ ಜೀನ್ಸ್ ಇನ್ನೂ ವಾಷಿಂಗ್ ಮಷೀನ್ ಕಂಡಿಲ್ಲ ಅಂದಿದ್ದರು.

ನಾನು ಹಾಕುವುದಕ್ಕಿಂತ ಕೂಡಿಡುವುದು ಜಾಸ್ತಿ. ನಿಮ್ಮ 1947ರ ಮಾದರಿ ಒಳ್ಳೆಯ ಆಯ್ಕೆ. ಗಮನಿಸಿ ನೋಡಿ, ಬೆಲ್ಟ್ ಹಾಕುವ ಲೂಪ್ ಇದೆ, ಅದು 501ಗೆ ಬಂದದ್ದು 1922ರಲ್ಲಿ. ಹಿಂದಿನ ಜೇಬಿನ ರಿವೆಟ್ ಹೊರಗೆ ಕಾಣುವುದಿಲ್ಲ, ಕುರ್ಚಿ, ಕುದುರೆಯ ಜೀನು ಗೀರುತ್ತದೆ ಅನ್ನುವ ದೂರು ಬಂದು 1937ರಲ್ಲಿ ಅದನ್ನು ಬಟ್ಟೆಯೊಳಗೆ ಮುಚ್ಚಿದರು. ಜೇಬಿನ ಪಕ್ಕದ ಕೆಂಪು ಪಟ್ಟಿ 1936ರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ, ದಾರ ಉಳಿಸಬೇಕೆಂದು ಬೆನ್ನ ಕಡೆ ಸೊಂಟ ಬಿಗಿ ಮಾಡುವ ಬಕಲ್ ಪಟ್ಟಿ, ಕವೆಯ (ಎರಡು ಕಾಲು ಸೇರುವ ಜಾಗದ) ರಿವೆಟ್ ತೆಗೆದುಹಾಕಿದರು, ಜೇಬಿನ ಮೇಲಿನ ಕಮಾನು ಹೊಲಿಗೆಯನ್ನು ಬಣ್ಣದಲ್ಲಿ ಬರೆದರು! ಯುದ್ಧ ಮುಗಿದ ಮೇಲೆ ಹೊಲಿಗೆ ವಾಪಸ್ ಬಂತು, ಬಕಲ್ ಬರಲಿಲ್ಲ. ಇವತ್ತು ನಾವು ಜೀನ್ಸ್ ಅಂದಾಗ ಕಣ್ಣಿಗೆ ಬರುವ ರೂಪ ಅಲ್ಲಿಂದ ಶುರು ಅನ್ನಬಹುದು.

ಅಸಲಿ ಹಳೆಯದು ಬೇಕು ಅನ್ನುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಮುಚ್ಚಿದ ಗಣಿಯೊಂದರಲ್ಲಿ ಸಿಕ್ಕ 1880ರ ದಶಕದ ಲೀವೈಸ್ ಪ್ಯಾಂಟ್ 2022ರಲ್ಲಿ ಹರಾಜಾದಾಗ 87 ಸಾವಿರ ಡಾಲರ್ ದಾಟಿತು. ಸುದ್ದಿ ಓದಿ ನಮ್ಮ ಹುಡುಗರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿಯೋಣ್ವಾ ಅಂತ ತಮಾಷೆ ಮಾಡುತ್ತಿದ್ದರು.

ಮಗ್ಗದ_ಮನೆ (ಗೌರಿಬಿದನೂರು):

ಆ ಚಿಪ್ ಬರ್ಗ್ ಮಾತನ್ನು ಎಲ್ಲರೂ ಅರ್ಧ ಓದುತ್ತಾರೆ ಸಾರ್. ಅವರು ಆಮೇಲೆ ತಾವೇ ಬರೆದರು, ಕೈಯಲ್ಲಿ ಒಗೆಯುತ್ತೇನೆ, ಮಷೀನಿಗೆ ಹಾಕುವುದಿಲ್ಲ ಅಷ್ಟೇ ಎಂದು. ಫ್ರೀಜರ್ ಕಥೆಯೂ ಸುಮ್ನೆ. ಚಳಿಗೆ ಬ್ಯಾಕ್ಟೀರಿಯಾ ಮಲಗುತ್ತದೆ, ಸಾಯುವುದಿಲ್ಲ, ನಿಮ್ಮ ಮೈಬಿಸಿ ತಾಗಿದ ತಕ್ಷಣ ಎದ್ದು ಕೂರುತ್ತದೆ. ಮನೆಯ ಫ್ರೀಜರ್‌ನಲ್ಲಿ ಬಟಾಣಿ ಪಕ್ಕ ಪ್ಯಾಂಟ್ ಇಡುವುದನ್ನು ಯಾವ ತಾಯಿಯೂ ಒಪ್ಪುವುದಿಲ್ಲ, ಅದು ಬೇರೆ.

ನಮ್ಮದು ನೇಯುವ ಮನೆತನ, ದೊಡ್ಡಬಳ್ಳಾಪುರದಲ್ಲಿ ಲಾಳಿ ಮಗ್ಗಗಳ ಸದ್ದಿನಲ್ಲೇ ಬೆಳೆದವನು. ಸೆಲ್ವೆಡ್ಜ್ ಅಂದರೆ ಬಹಳ ಜನ ಏನೋ ಮಂತ್ರ ಅಂದುಕೊಂಡಿದ್ದಾರೆ. ಸೀರೆಯ ಅಂಚು ಬಿಚ್ಚಿಕೊಳ್ಳುವುದಿಲ್ಲವಲ್ಲ, ಅದೇ ಇದು. ಲಾಳಿ ಹೊಕ್ಕು ನೂಲನ್ನು ಈ ಕಡೆಯಿಂದ ಆ ಕಡೆಗೆ ತೆಗೆದುಕೊಂಡು ಹೋಗಿ, ಕತ್ತರಿಸದೆ ತಿರುಗಿ ಬರುತ್ತದೆ, ಅಂಚು ತಾನೇ ಮುಚ್ಚುತ್ತದೆ. ಈಗಿನ ಲಾಳಿ ಇಲ್ಲದ ರೇಪಿಯರ್ ಮಗ್ಗಗಳಲ್ಲಿ ಪ್ರತಿ ಎಳೆಯನ್ನೂ ಕತ್ತರಿಸುತ್ತಾರೆ, ಬಟ್ಟೆ ಎರಡರಷ್ಟು ಅಗಲ, ವೇಗ ಎಷ್ಟೋ ಪಟ್ಟು ಜಾಸ್ತಿ, ಅಂಚು ಮಾತ್ರ ಜುಂಗು ಜುಂಗು. ಹಳೆ ಮಗ್ಗದ ಡೆನಿಮ್ ಸುಮಾರು 30 ಇಂಚು ಅಗಲ ಬರುತ್ತದೆ, ಅದಕ್ಕೇ ಕಾಲಿನ ಹೊರ ಹೊಲಿಗೆಗೆ ಆ ಅಂಚನ್ನೇ ಇಡುತ್ತಾರೆ. ಹಳೆ ಮಗ್ಗ ಅದುರುತ್ತದೆ, ನೂಲಿನ ಬಿಗಿ ಒಂದೇ ಸಮ ಇರುವುದಿಲ್ಲ, ಬಟ್ಟೆಯ ಮೇಲೆ ಸಣ್ಣ ಏರುಪೇರು ಬರುತ್ತದೆ. ನಮ್ಮ ಮನೆಯಲ್ಲಿ ಅಂಥ ಬಟ್ಟೆ ಬಂದರೆ ತಾತ ಬೈಯುತ್ತಿದ್ದರು, ಈಗ ಅದಕ್ಕೇ ದುಡ್ಡು ಕೊಡುತ್ತಾರೆ!

ಇನ್ನೊಂದು ಕಥೆ ಓಡುತ್ತದೆ, ಅಮೆರಿಕದ ಹಳೆ ಮಗ್ಗಗಳನ್ನೆಲ್ಲ ಜಪಾನಿನವರು ಕೊಂಡುಹೋದರು ಅಂತ. ಆದರೆ ಜಪಾನಿನ ಒಕಯಾಮಾ ಕಡೆ ಡೆನಿಮ್ ನೇಯುವುದು ಹೆಚ್ಚಾಗಿ ಅವರದೇ ಟೊಯೋಡಾ ಮಗ್ಗದಲ್ಲಿ. ಕಾರಿನ ಟೊಯೋಟಾ ಕಂಪನಿಯ ಮೂಲವೇ ಅದು, ಸಕಿಚಿ ಟೊಯೋಡಾ 1924ರಲ್ಲಿ ತಂದ ಜಿ ಮಾದರಿ ಮಗ್ಗದ ವಂಶ. ಅಮೆರಿಕದ ಡ್ರೇಪರ್ ಮಗ್ಗಗಳು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ಕೋನ್ ಕಂಪನಿಯ ವೈಟ್ ಓಕ್ ಗಿರಣಿಯಲ್ಲಿ ಓಡುತ್ತಲೇ ಇದ್ದವು, 1905ರಲ್ಲಿ ಶುರುವಾದ ಆ ಗಿರಣಿ 2017ರ ಕೊನೆಗೆ ಮುಚ್ಚಿತು. ನಮ್ಮ ಅಹಮದಾಬಾದಿನ ಅರವಿಂದ್ ಗಿರಣಿಯಲ್ಲೂ ಸೆಲ್ವೆಡ್ಜ್ ನೇಯುತ್ತಾರೆ, ಜಪಾನಿಗೆ ಹೋಲಿಸಿದರೆ ಬೆಲೆ ಎಷ್ಟೋ ಕಮ್ಮಿ. ಮುಂದಿನ ಪ್ಯಾಂಟ್‌ಗೆ ನೆಂಟರನ್ನು ಕಾಯಬೇಕಾಗಿಲ್ಲ.

ನಂದಿ_ನೀಲಿ:

ನೀರಿನ ಬಗ್ಗೆ ಹೇಳುವುದು ಬಿಟ್ಟುಹೋಯಿತು. ನಮ್ಮ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಗೊತ್ತಿರುವುದೇ. ಬಾರ್ ಸೋಪು ಹಾಕಿದರೆ ನೊರೆ ಬರುವುದಿಲ್ಲ, ಕ್ಯಾಲ್ಸಿಯಂ ಜೊತೆ ಸೇರಿ ಬೂದು ಜಿಡ್ಡಾಗಿ ಬಟ್ಟೆಯಲ್ಲೇ ಕೂರುತ್ತದೆ, ನೀಲಿ ಮಂಕಾಗುತ್ತದೆ. ದ್ರವದ ಡಿಟರ್ಜೆಂಟ್ ಸ್ವಲ್ಪವೇ ಹಾಕಿ, ಬ್ಲೀಚ್ ಇರುವುದು, ಬಿಳುಪಿಗೆ ಹೊಳಪು ಕೊಡುವುದು ಎರಡೂ ಬೇಡ. ಕೊನೆಯ ಜಾಲಾಟಕ್ಕೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದರೆ ಆ ಬಿಳಿ ಪದರ ಕರಗುತ್ತದೆ. ಮಳೆ ನೀರು ಹಿಡಿದಿದ್ದರೆ ಇನ್ನೂ ಒಳ್ಳೆಯದು. ಆರ್‌ಒ ಮಷೀನಿನಿಂದ ಹೊರಗೆ ಬಿಡುವ ನೀರನ್ನು ಉಳಿತಾಯ ಅಂತ ಬಳಸಬೇಡಿ, ಅದು ಬೋರ್ ನೀರಿಗಿಂತ ಗಡಸು. ಫ್ಲೋರೈಡ್ ಬಗ್ಗೆ ಹಿಂದೆ ಯಾರೋ ಕೇಳಿದ್ದರು, ಪಾವಗಡದವರಿರಬೇಕು. ಅದು ಹಾಳು ಮಾಡುವುದು ಹಲ್ಲು, ಮೂಳೆಯನ್ನು, ಪ್ಯಾಂಟನ್ನಲ್ಲ.

ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನೂ ನಂಬಬೇಡಿ. ಇಂಡಿಗೋ ನೀರಲ್ಲಿ ಕರಗುವ ಬಣ್ಣವೇ ಅಲ್ಲ, ನೂಲಿಗೆ ಅಂಟಿಕೊಂಡು ಕೂತಿರುವ ಪುಡಿ ಅದು. ಉಪ್ಪಿಗೆ ಹೆದರುವುದಿಲ್ಲ.

ಕವೆ_ಹೊಲಿಗೆ (ಶಿರಾ):

ನಾನು ಟೈಲರ್. ಬಣ್ಣದ ಬಗ್ಗೆ ನೀವೇ ಮಾತಾಡಿಕೊಳ್ಳಿ, ನಾನು ನೋಡುವುದು ಹರಿದು ಬಂದದ್ದನ್ನು. ಬೈಕ್ ಓಡಿಸುವವರ ಜೀನ್ಸ್ ಮೊದಲು ಹೋಗುವುದು ಕವೆಯಲ್ಲಿ, ತೊಳೆಯದೆ ಹಾಕುವವರದ್ದು ಇನ್ನೂ ಬೇಗ. ಬೆವರು, ಧೂಳು ಸೇರಿ ಒಳಗೆ ಮರಳು ಕಾಗದದ ಕೆಲಸ ಮಾಡುತ್ತದೆ. ವಾಸನೆ ಬಂತಾ, ತೊಳೆಯಿರಿ. ಕವೆಯಲ್ಲಿ ಬಿಳಿ ಎಳೆ ಕಾಣಿಸಿದ ದಿನವೇ ತನ್ನಿ, ಒಳಗಿಂದ ತೆಳು ಬಟ್ಟೆ ಕೊಟ್ಟು ಮೇಲೆ ನೀಲಿ ದಾರದಲ್ಲಿ ಓಡಿಸಿದರೆ ಗೊತ್ತೇ ಆಗುವುದಿಲ್ಲ. ತೂತಾದ ಮೇಲೆ ತಂದರೆ ತೇಪೆಯೇ.

ಉದ್ದ ಕತ್ತರಿಸುವುದು ನೆನೆಸಿ, ಒಂದು ಸಲ ಒಗೆದ ಮೇಲೆ. ಈ ದಪ್ಪಕ್ಕೆ 16 ಅಥವಾ 18 ನಂಬರ್ ಸೂಜಿ ಬೇಕು, ಹೊಲಿಗೆ ಸೇರುವ ಗಂಟಿನ ಮೇಲೆ ಚಕ್ರ ಕೈಯಲ್ಲಿ ತಿರುಗಿಸಬೇಕು. ಸೂಜಿ ಬದಲಿಸದೆ ಹೊಲಿಯುವವರ ಹತ್ತಿರ ಕೊಡಬೇಡಿ. ನಮ್ಮ ಮಷೀನುಗಳೆಲ್ಲ ಲಾಕ್ ಸ್ಟಿಚ್. ಜೀನ್ಸ್ ಹುಚ್ಚಿನವರು ಕೇಳುವ ಹಗ್ಗ ತಿರುಚಿದಂಥ ಕಾಲಿನ ಅಂಚು ಬರುವುದು ಚೈನ್ ಸ್ಟಿಚ್‌ನಲ್ಲಿ (ಸರಪಳಿ ಹೊಲಿಗೆ), ಅದರಲ್ಲೂ ಯೂನಿಯನ್ ಸ್ಪೆಷಲ್ 43200ಜಿ ಅನ್ನುವ ಹಳೆ ಮಷೀನಿನಲ್ಲಿ. ಅದು ಬಟ್ಟೆಯನ್ನು ಓರೆಯಾಗಿ ಎಳೆದುಕೊಳ್ಳುತ್ತದೆ, ಒಗೆದಾಗ ತಿರುಚಿಕೊಳ್ಳುತ್ತದೆ. ತುಮಕೂರಿನಲ್ಲಿ ನಾನಂತೂ ಅದನ್ನು ಕಂಡಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ಬೇಕಾದಷ್ಟಿವೆ, ಚೈನ್ ಸ್ಟಿಚ್ ಬೇಕೇ ಬೇಕು ಅನ್ನುವವರು ಅಲ್ಲಿ ವಿಚಾರಿಸಬಹುದು. ನನ್ನನ್ನು ಕೇಳಿದರೆ ಎರಡು ಮಡಿಕೆ ಮೇಲೆ ಮಡಚಿ ಹಾಕಿಕೊಳ್ಳಿ, ಅಂಚಿನ ಕೆಂಪು ದಾರವೂ ಕಾಣುತ್ತದೆ. ಹಳೆ ಫೋಟೋದಲ್ಲಿ ಅವರೂ ಹಾಗೇ ಮಡಚಿದ್ದಾರೆ.

ಅಮಾನಿಕೆರೆ_ಸವಾರ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ನೆನೆಸುತ್ತೇನೆ. ಕೆಜಿಎಫ್ ಅಣ್ಣನ ಮಾತೂ ಬಿಡುವುದಿಲ್ಲ, ಸೆಕೆ ಏರುವ ತನಕ ಹಾಗೇ ಹಾಕಿ, ಮಾರ್ಚಿನಿಂದ ವಾಸನೆ ನೋಡಿಕೊಂಡು ಕೈಯಲ್ಲಿ ಒಗೆಯುತ್ತೇನೆ. ಅಮ್ಮನಿಗೆ ಹೇಳಿದೆ, ಒಗೆಯುವುದು ನೀನೇ ತಾನೇ ಅಂದರು, ಮುಗಿಯಿತು. ಒಂದೇ ಉಳಿದಿರುವುದು, ಬೈಕಿನ ಸೀಟು ಕಂದು ಬಣ್ಣದ್ದು. ನೀಲಿ ಹತ್ತಿದರೆ ಹೋಗುತ್ತಾ?

ಕೆಜಿಎಫ್_ಪೆಟ್ಟಿಗೆ:

ರೆಕ್ಸಿನ್ ಆದರೆ ಅವತ್ತೇ ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಹೋಗುವುದಿಲ್ಲ. ಕಪ್ಪು ಕವರ್ ಹಾಕಿಸಿಬಿಡಿ. ಬಿಳಿ ಶೂ ಕೂಡ ಸ್ವಲ್ಪ ದಿನ ಬೇಡ.